ಮಣಿಕಟ್ಟಿನ ದಾರ

ಇವತ್ತು ಬೆಳಿಗ್ಗೆ ಆಸ್ಪತ್ರೆಯ ಸಿಸ್ಟರ್ ಕಾಡೊಳಗಿನ ನಮ್ಮ ಹಟ್ಟಿಗೆ, ನಮ್ಮ ಪೋಡಿನ ಮನೆಮನೆಗೂ ಬಂದು ಎಲ್ಲರ ಮಣಿಕಟ್ಟಿನ ದಾರಗಳನ್ನು ಬಿಚ್ಚಿಕೊಂಡು ಹೋದರು.

ಕುಡುಗೋಲು ರಕ್ತಕಣದ ಕಾಯಿಲೆಯಿರುವ ಮಗು ಇದ್ದ ಕಡೆ ಎಲ್ಲರೂ ಆ ದಾರ ಕಟ್ಟಿಕೊಳ್ಳುತ್ತಿದ್ದರು. ಮಗುವಿಗೆ ನೋವು ಜೋರಾಗುವ ಮೊದಲೇ ದಾರದ ಮೂಲಕ ಆ ನೋವಿನ ಒಂದೊಂದು ಚೂರು ಎಲ್ಲರ ಮೈಗೂ ಬರುತ್ತಿತ್ತು. ನಾನು ಅಂಥ ಮಗುವಾಗಿದ್ದೆ. ಹಳ್ಳದ ತಣ್ಣೀರಿನಲ್ಲಿ ಆಡುತ್ತಾ ಮೈಮರೆತರೆ, ಜೇನು ಕೀಳಲು ಮರ ಹತ್ತಿದ್ದ ಕುಂಬೇಗೌಡ ಅಲ್ಲಿಂದಲೇ ಮಂಡಿ ಉಜ್ಜಿಕೊಂಡು ಕೂಗುತ್ತಿದ್ದ: "ಲೇ, ಆ ಕೂಸ್ನ ನೀರಿಂದ ಎತ್ರೋ! ನಾನಿಲ್ಲಿಂದ ಬಿದ್ದೋಯ್ತೀನಿ!" ಯಾರೋ ನನ್ನನ್ನು ಎತ್ತಿ, ಕಂಬಳಿ ಹೊದಿಸಿ, ಬಿಸಿನೀರು ಕುಡಿಸುತ್ತಿದ್ದರು. ಹಾಗೆ ಬೈಸಿಕೊಂಡೇ ಬದುಕಿದೆ.

ಈಗ ನನ್ನ ಮಗಳು ಮಾದೇವಿಗೂ ಅದೇ ಕಾಯಿಲೆ. ಅವಳ ತೋಳಿನ ಚರ್ಮದಡಿ ಅಕ್ಕಿಕಾಳಿನಷ್ಟು ಯಂತ್ರವೊಂದನ್ನು ಇಟ್ಟಿದ್ದಾರೆ. ನೋವು ಬರುವುದನ್ನು ಅದೇ ತಿಳಿದು, ಅದೇ ಔಷಧಿ ಬಿಡುತ್ತದೆ.

"ಇನ್ಮೇಲೆ ಬೇರೆ ಯಾರೂ ನೋಯೋದು ಬೇಡ ಕಣಮ್ಮ," ಎಂದಿದ್ದರು ಸಿಸ್ಟರ್.

ಸಂಜೆ ಚಳಿಗಾಳಿ ಎದ್ದಿತು. ಅಭ್ಯಾಸದಿಂದ ಮಂಡಿ ಮುಟ್ಟಿಕೊಂಡೆ. ಮಗಳ ನೋವಿನ ಸುಳಿವೇನೂ ಇರಲಿಲ್ಲ. ಮಾದೇವಿ ಒಲೆಯ ಪಕ್ಕ ಸುಖವಾಗಿ ಆಡುತ್ತಿದ್ದಳು. ಇನ್ನು ಇವಳ ಗೊಡವೆ ನನ್ನೊಬ್ಬಳದೇ ಅನ್ನಿಸಿತು.

ಅಷ್ಟರಲ್ಲಿ ಮುದುಕನಾದ ಕುಂಬೇಗೌಡ ಬಿಸಿನೀರಿನ ಚೊಂಬು ಹಿಡಿದು ಬಾಗಿಲಿಗೆ ಬಂದ. ಅವನ ಹಿಂದೆ ಇನ್ನೂ ಕೆಲವರು ಅಂಗಳ ದಾಟುತ್ತಿದ್ದರು.

"ಕೂಸು ಹೆಂಗವ್ಳೆ?"

"ಚೆನ್ನಾಗವ್ಳೆ ತಾತ. ಯಾಕೆ?"

"ನಂಗೇನೂ ಗೊತ್ತಾಗ್ನಿಲ್ಲ ಕಣವ್ವ," ಎಂದ. "ಅದ್ಕೇ ನೋಡ್ಕೊಂಡೋಗಾನಾ ಅಂತ ಬಂದೆ."