ಹನ್ನೆರಡನೆಯ ಪುಸ್ತಕ

"ವರ್ಷಕ್ಕೆ ಹನ್ನೆರಡು ಓದ್ತೀನಿ ಅಂತ ಎದೆ ತಟ್ಕೊಂಡ್ರಿ. ಇವತ್ತೇ ಕೊನೇ ದಿನ, ಹನ್ನೊಂದಕ್ಕೇ ನಿಂತ್ರಲ್ಲಕ್ಕಾ!" ಕಾರ್ಖಾನೆಯ ಓದುಬಳಗದ ಪಟ್ಟಿ ಬರೆಯುವ ಮೆಕ್ಯಾನಿಕ್ ಕಿಚಾಯಿಸಿದ.

"ಹನ್ನೆರಡನೇದನ್ನ ಅತ್ತೆ ಕಸ್ಕೊಂಡ್ರು ಕಣಪ್ಪ. ಅವರು ಅಕ್ಷರ ಕಲಿತು ಆರು ತಿಂಗಳಾಗಿಲ್ಲ, ನನಗೆ ಪುಸ್ತಕ ಮುಟ್ಟೋಕೂ ಬಿಡ್ಲಿಲ್ಲ. ಅಭಿಪ್ರಾಯಾನೂ ಅವರೇ ಬರೆದಿದ್ದಾರೆ," ಎಂದು ಇಸ್ತ್ರಿ ವಿಭಾಗದ ಅಕ್ಕ ಚೀಟಿ ಚಾಚಿದಳು.

ಒತ್ತಿ ಒತ್ತಿ ಬರೆದ ಸೊಟ್ಟ ಅಕ್ಷರಗಳು: "ಕತೆಯ ಹೆಂಗಸು ಮನೆಯವರೆಲ್ಲ ಉಣ್ಣುವ ತನಕ ನಿಂತೇ ಇರುತ್ತಾಳೆ. ಅವಳಿಗೊಂದು ಕುರ್ಚಿ ಹಾಕಲು ಬರೆದವರಿಗೇನು ಧಾಡಿ?"

ಮೆಕ್ಯಾನಿಕ್ ಅದನ್ನು ಎರಡು ಸಲ ಓದಿದ. ಅಕ್ಕನ ಹೆಸರಿನ ಮುಂದೆ ಹನ್ನೊಂದು ಎಂದೇ ಬರೆದ. ಅದರ ಕೆಳಗೆ ಸ್ಕೇಲ್ ಇಟ್ಟು ಹೊಸದೊಂದು ಗೆರೆ ಎಳೆದು, "ಅತ್ತೆ ಹೆಸರೇನಕ್ಕಾ?" ಎಂದ.

ಅಕ್ಕ ಆ ಗೆರೆಯ ಮೇಲೆ ಬೆರಳಿಟ್ಟಳು. "ಖಾಲಿ ಬಿಡಪ್ಪ. ಅವರೇ ಬಂದು ಬರೀಲಿ."