ಶಾಲೆ ಬಿಟ್ಟ ಕಾರಣ

ಅರ್ಜಿಯಲ್ಲಿ ‘ಹಿಂದೆ ಓದಿದ ಶಾಲೆಗಳು’ ಎಂಬಲ್ಲಿ ಮೂರೇ ಮೂರು ಗೆರೆ ಇದ್ದವು. ಹುಡುಗಿ ಮೂರನ್ನೂ ತುಂಬಿಸಿ, ಹಾಳೆ ಮಗುಚಿ, ಹಿಂಬದಿಯಲ್ಲಿ ಇನ್ನೂ ನಾಲ್ಕು ಗೆರೆ ಎಳೆದುಕೊಂಡಳು. ಮೇಜಿನಾಚೆ ಕೂತಿದ್ದ ಗುಮಾಸ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು.

“ಏನಮ್ಮಾ, ಶಾಲೆ ಹೆಸರು ಬರೀತಿದ್ದೀಯೋ, ಬಸ್ಸಿನ ಬೋರ್ಡ್ ಬರೀತಿದ್ದೀಯೋ?”

“ಎಲ್ಲಾ ನಾನು ಓದಿದ್ದೇ ಮೇಡಂ,” ಎಂದು ಹುಡುಗಿ ನಕ್ಕಳು.

ಅವಳಪ್ಪ ಸೇತುವೆ ಕೆಲಸದ ವೆಲ್ಡರ್. ಸೇತುವೆ ಏಳುವ ಕಡೆ ಸಂಸಾರ, ಅದು ಮುಗಿದರೆ ಗಂಟುಮೂಟೆ. ಹೆಂಡತಿ ಮಗಳನ್ನು ಒಂದೂರಲ್ಲಿ ಬಿಟ್ಟು ಇನ್ನೊಂದೂರಲ್ಲಿ ದುಡಿಯುವುದಿಲ್ಲ ಎಂಬುದು ಅವನ ಹಟ. ಅವನ ಅಪ್ಪ ದೂರದ ಗಣಿಯಿಂದ ವರ್ಷಕ್ಕೆ ಎರಡು ಸಲ ನೆಂಟನ ಹಾಗೆ ಬಂದು ಹೋಗುತ್ತಿದ್ದನಂತೆ. ಮಕ್ಕಳಿಗೆ ಗುರುತೇ ಹತ್ತದೆ ಬಾಗಿಲ ಹಿಂದೆ ಅವಿತುಕೊಳ್ಳುತ್ತಿದ್ದವಂತೆ. ತನ್ನ ಮಗು ಹಾಗೆ ಅವಿತುಕೊಳ್ಳಬಾರದೆಂದು ಏಳು ಸೇತುವೆಗಳ ಬುಡಕ್ಕೂ ಅವನು ಮನೆಮಂದಿಯನ್ನು ಕರೆದುಕೊಂಡೇ ಹೋಗಿದ್ದ. ಇದು ಎಂಟನೆಯದು. ರಜೆ ಮುಗಿಯಲು ಹತ್ತು ದಿನ ಉಳಿದಿತ್ತು, ಅದರಾಚೆ ಶಾಲೆಯ ಕೊನೆಯ ವರ್ಷ. ಮೊದಲು ಶಾಲೆಗೆ ಸೇರಿಸುವುದು, ಆಮೇಲೆ ಮನೆ ಹುಡುಕುವುದು, ಮುಂದಿನ ವಾರ ಲಾರಿಯಲ್ಲಿ ಸಾಮಾನು ತರಿಸುವುದು ಎಂದು ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆರಳು ಮಡಿಸಿದ್ದಳು. ಹುಡುಗಿ ಹೂಂಗುಟ್ಟುತ್ತಾ ಕಿಟಕಿಯಾಚೆ ನೋಡುತ್ತಿದ್ದಳು. ಬಿಟ್ಟು ಬಂದ ಊರಲ್ಲಿ ಎರಡೂವರೆ ವರ್ಷ ಓದಿದ್ದಳು, ಅಷ್ಟು ದಿನ ಎಲ್ಲೂ ನಿಂತದ್ದಿಲ್ಲ. ಅಲ್ಲಿನ ಹೊಳೆ ಎರಡು ಸಲ ಉಕ್ಕಿ ಅಡಿಪಾಯ ಮುಳುಗಿಸಿದಾಗ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಇವಳು ಯಾರಿಗೂ ಕೇಳದಂತೆ ಹೊಳೆಗೆ ಥ್ಯಾಂಕ್ಸ್ ಹೇಳಿದ್ದಳು.

“ಇಲ್ಲಿ ಅಪ್ಪನ ಸಹಿ,” ಎಂದರು ಗುಮಾಸ್ತೆ.

ಅಪ್ಪ ಪೆನ್ನು ಹಿಡಿದು ಬಗ್ಗಿದವನು ಹಾಗೇ ನಿಂತ. ಪ್ರತಿ ಶಾಲೆಯ ಹೆಸರಿನ ಪಕ್ಕದಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂದಿತ್ತು. ಮಗಳು ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು: ಸೇತುವೆ ಮುಗಿಯಿತು. ಅದರ ಕೆಳಗೆ, ಸೇತುವೆ ಮುಗಿಯಿತು. ಹಾಳೆ ಮಗುಚಿದರೆ ಅಲ್ಲೂ ಅದೇ. ಅವನು ಬೆರಳಿಟ್ಟು ಏಳನ್ನೂ ಓದಿದ.

“ಇದೇನು ಮರಿ, ಎಲ್ಲಾ ಕಡೆ ಒಂದೇ?”

“ಇದ್ದಿದ್ದು ಅದೇ ಅಲ್ವಾ ಅಪ್ಪಾ?”

“ಹಾಗಾದ್ರೆ ನಂದು ಒಂದೊಂದು ಕೆಲಸ ಮುಗಿದಾಗಲೂ ನಿಂದು ಅರ್ಧಕ್ಕೇ ನಿಂತಿದೆ.”

“ಏ, ಹಾಗೇನಿಲ್ಲಪ್ಪಾ. ಏಳು ಹೊಳೆಯಲ್ಲಿ ಈಜು ಹೊಡೆಸಿದೀಯ ನನ್ನ ಕೈಲಿ. ನಮ್ಮ ಕ್ಲಾಸಲ್ಲಿ ಇನ್ಯಾರಿಗಿದೆ ಆ ಭಾಗ್ಯ?”

ಬಾಯಿಮಾತಿಗಲ್ಲ, ಮನಸಾರೆ ಹೇಳಿದ್ದಳು. ಆದರೆ ‘ನಮ್ಮ ಕ್ಲಾಸಲ್ಲಿ’ ಎನ್ನುವಾಗ ದನಿ ಕೂದಲೆಳೆಯಷ್ಟು ಜಾರಿತು. ಆ ಜಾರಿದ್ದನ್ನೇ ಅಪ್ಪ ಹಿಡಿದುಬಿಟ್ಟ. ಪೆನ್ನಿಗೆ ಮುಚ್ಚಳ ಹಾಕಿದ.

“ಮೇಡಂ, ತಪ್ಪು ತಿಳ್ಕೋಬೇಡಿ. ಈ ಅರ್ಜಿ ವಾಪಸ್ ತಗೋತೀನಿ. ಇವಳು ಹಳೇ ಶಾಲೆಯಲ್ಲೇ ಓದ್ತಾಳೆ.” ಹೆಂಡತಿಯ ಕಡೆ ತಿರುಗಿದ. “ನೀವಿಬ್ಬರೂ ಅಲ್ಲೇ ಇರಿ. ಒಂದೇ ವರ್ಷ. ನಾನು ಸೈಟಿನ ಶೆಡ್ಡಲ್ಲಿ ಇರ್ತೀನಿ.”

“ಅಡುಗೆ?” ಎಂದಳು ಅಮ್ಮ. “ನಿಮಗೆ ನೀರು ಕಾಯಿಸೋದು ಬಿಟ್ಟು ಇನ್ನೇನು ಬರುತ್ತೆ?”

“ಕಲೀತೀನಿ. ಮಗಳು ಏಳು ಶಾಲೆಯಲ್ಲಿ ಕಲಿತಿದ್ದಾಳೆ, ನನಗೆ ಒಂದು ಸ್ಟೌ ಮುಂದೆ ಕಲಿಯೋಕಾಗಲ್ವಾ?”

ಅಮ್ಮ ಕೈಚೀಲದೊಳಗೆ ಇಲ್ಲದ ಏನನ್ನೋ ಹುಡುಕತೊಡಗಿದಳು. ಹುಡುಗಿ ಕುಣಿಯಬೇಕೋ, ಬೇಡವೆನ್ನಬೇಕೋ ತಿಳಿಯದೆ, “ಮತ್ತೆ ನಿನ್ನ ಹಟ?” ಎಂದಳು.

“ಹಟ ಬಿಡು. ಹದಿನಾರು ವರ್ಷ ದಿನಾ ನಿನ್ನ ಮುಖ ನೋಡಿದೀನಿ. ನಮ್ಮಪ್ಪನಿಗೆ ಅದು ಸಿಗಲೇ ಇಲ್ಲ. ನನಗೆ ಸಿಕ್ಕಿದ್ದು ಒಂದು ವರ್ಷಕ್ಕೆಲ್ಲಾ ಖಾಲಿ ಆಗೋಲ್ಲ.”

ಗುಮಾಸ್ತೆ ಅರ್ಜಿಯನ್ನು ಮಡಿಸಿ ಹುಡುಗಿಯ ಕೈಗಿಟ್ಟರು. “ನಮ್ಮ ಶಾಲೆಗೆ ಒಂದು ಒಳ್ಳೆ ಹುಡುಗಿ ತಪ್ಪಿಹೋದಳು,” ಎಂದು ಎದ್ದು ನಿಂತು ಬಾಗಿಲವರೆಗೂ ಬಂದರು.

ಮಧ್ಯಾಹ್ನದ ಬಸ್ಸಿಗೆ ಅಪ್ಪ ಎರಡೇ ಟಿಕೆಟ್ ತಂದ. ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ, ನೀರಿನ ಬಾಟಲಿ ತುಂಬಿಸಿ ತಂದ, ಗಾಜು ಸರಿಸಿ ನೋಡಿದ. ಕೆಳಗಿಳಿದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಬಸ್ಸು ಹೊರಡುವಾಗಲೆಲ್ಲ ಅವನು ಅದರೊಳಗೇ ಇರುತ್ತಿದ್ದವನು. ನೆಲದ ಮೇಲೆ ನಿಂತು ಮನೆಯವರನ್ನು ಕಳಿಸಿಕೊಟ್ಟು ಅಭ್ಯಾಸವೇ ಇರಲಿಲ್ಲ.

ಬಸ್ಸು ಕದಲಿತು. ಹುಡುಗಿ ತಲೆ ಹೊರಗಿಟ್ಟು, “ಅಪ್ಪಾ, ಟಾಟಾ ಮಾಡು!” ಎಂದು ಕೂಗಿದಳು. ಅವನು ಬಲಗೈ ಎತ್ತಿದ. ಆದರೆ ಆ ಕೈಗೆ ಗೊತ್ತಿದ್ದುದು ಒಂದೇ ಸನ್ನೆ. ಕ್ರೇನಿನಲ್ಲಿ ತೂಗುವ ಉಕ್ಕಿನ ತೊಲೆಯನ್ನು ಎರಡು ಕಂಬಗಳ ಮೇಲೆ ಕೂರಿಸುವಾಗ ಕೆಳಗೆ ನಿಂತವನು ಮಾಡುವ ಸನ್ನೆ: ನಿಧಾನ... ನಿಧಾನ... ಸರಿಯಾಗಿದೆ, ಬಿಡು. ತನಗೇ ಹೇಳುತ್ತಿದ್ದಾನೆಂದುಕೊಂಡ ಬಸ್ಸಿನ ಡ್ರೈವರ್ ವೇಗ ತಗ್ಗಿಸಿ, ತಿರುವಿನಾಚೆ ಅವನು ಮರೆಯಾಗುವವರೆಗೂ ಮೆಲ್ಲಗೇ ಓಡಿಸಿದ.