ಮುರಿಯಬೇಕಿದ್ದ ರಾಕೆಟ್

ತಿರುಪು ಇನ್ನೊಂದು ಸುತ್ತು ತಿರುಗಿತು. ಹೆಂಡತಿ ಕೂಗಲಿಲ್ಲ, ಹಲ್ಲು ಕಚ್ಚಿಕೊಂಡಳು. ಅದೇ ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು.

ಮರದ ರಾಕೆಟ್ ಸೊಟ್ಟಗಾಗದಂತೆ ನಾಲ್ಕು ತಿರುಪುಗಳ ಅಚ್ಚಿನಲ್ಲಿ ಬಿಗಿದಿಡುವುದು ಹಳೆಯ ಟೆನಿಸ್ ಆಟಗಾರರ ರೂಢಿ. ಈಗ ಆ ಅಚ್ಚಿನ ಪಟ್ಟಿಗಳ ನಡುವೆ ಇದ್ದದ್ದು ರಾಕೆಟ್ ಅಲ್ಲ, ಅವಳ ಬಲಗೈ ಬೆರಳುಗಳು.

“ಹೇಳಿದ ಹಾಗೆ ಕಟ್ತೀಯೋ ಇಲ್ವೋ?” ಎಂದ.

ಅವಳು ಹೂಂ ಎನ್ನುವ ಹೊತ್ತಿಗೆ ಒಣಕಡ್ಡಿ ಮುರಿದಂಥ ಸದ್ದಾಗಿಹೋಗಿತ್ತು.

ಕ್ಲಬ್ಬಿನಲ್ಲಿ ಅವನನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುತ್ತಿದ್ದರು. ಮರದ ರಾಕೆಟ್ ಕಾಲದ ಕೊನೆಯ ಚಾಂಪಿಯನ್. ಅವನ ಸರ್ವ್ ತಡೆದವನ ಕೈ ಜೋಮು ಹಿಡಿಯುತ್ತಿತ್ತು. ಕ್ಲಬ್ಬಿನ ಗೋಡೆಯ ನಟ್ಟನಡುವೆ ಇಂದಿಗೂ ಅವನದೇ ಚಿತ್ರ. ಈಗಿನ ಚಾಂಪಿಯನ್ ಅವನ ತಮ್ಮ. ಮನೆಯ ಕೊನೆಯ ಕೂಸು, ಅಣ್ಣನ ಹೆಗಲ ಮೇಲೆ ಕೂತು ಪಂದ್ಯ ನೋಡುತ್ತ ಬೆಳೆದವನು. ಆ ತಮ್ಮ ಪತ್ರಿಕೆಯವರ ಮುಂದೆ ಒಂದು ಮಾತು ಅಂದುಬಿಟ್ಟ. ಈಗಿನವರ ಓಟ, ಈಗಿನವರ ಮೈಕಟ್ಟಿನ ಮುಂದೆ ಹಳೆಯ ಚಾಂಪಿಯನ್ನರು ಎರಡನೇ ಸುತ್ತನ್ನೂ ದಾಟುತ್ತಿರಲಿಲ್ಲವಂತೆ.

ಸುತ್ತಿಗೆ ಕ್ಲಬ್ಬಿನಲ್ಲಿ ಮೇಜು ಗುದ್ದಿದ. ಈಗ ಗೆಲ್ಲುವುದು ದೊಡ್ಡ ತಲೆಯ ಹಗುರ ರಾಕೆಟ್, ಆಡುವವನ ತೋಳಲ್ಲ ಎಂದ. ನಮ್ಮ ಕಾಲದವರ ಕೈಗೆ ಯಾರ ರಾಕೆಟ್ ಕೊಟ್ಟರೂ ಸರಿ, ಈ ಹುಡುಗರನ್ನು ಅಟ್ಟಾಡಿಸುತ್ತಾರೆ ಎಂದ. ತಾಕತ್ತಿದ್ದರೆ ತಮ್ಮನೂ ಮರದ ರಾಕೆಟ್ ಹಿಡಿದು ಒಂದೇ ಒಂದು ಸೆಟ್ ಆಡಲಿ ಎಂದು ಸವಾಲು ಹಾಕಿದ. ತಮ್ಮ ಒಪ್ಪಿಕೊಂಡ. ಅಣ್ಣ ಸೋತರೆ ಗೋಡೆಯ ಮೇಲಿನ ಚಿತ್ರ ಬದಲಾಗಬೇಕು ಎಂದು ಕ್ಲಬ್ಬಿನವರು ಬೆಂಕಿಗೆ ತುಪ್ಪ ಸುರಿದರು.

ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಮಂಡಿ ಕಟಕಟ ಎಂದಿತು. ಸುತ್ತಿಗೆಗೆ ಭಯವಾಯಿತು. ಆ ಚಿತ್ರವೂ ಇಳಿದರೆ ತನ್ನದೆನ್ನಲು ಏನೂ ಉಳಿಯುವುದಿಲ್ಲ.

ಆಗ ಹೆಂಡತಿಯ ನೆನಪಾಯಿತು. ಹಿಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು ಕ್ಲಬ್ಬಿನ ರಾಕೆಟ್‌ಗಳಿಗೆಲ್ಲ ತಂತಿ ಕಟ್ಟುವವಳು ಅವಳೇ. ಗಂಡನದ್ದು ಹಿಂದಿನ ವಾರವೇ ಸಿದ್ಧವಾಗಿತ್ತು. ಪಂದ್ಯಕ್ಕೆ ತಮ್ಮನಿಗೆ ಬೇಕಾದ ಮರದ ರಾಕೆಟ್‌ಗೆ ಕಟ್ಟುವುದು ಬಾಕಿ ಇತ್ತು. ತಾಳುವುದಕ್ಕಿಂತ ಬಿಗಿಯಾಗಿ ತಂತಿ ಎಳೆದರೆ ಮರದ ಚೌಕಟ್ಟು ಮೊದಲ ಬಲವಾದ ಹೊಡೆತಕ್ಕೇ ಸಿಡಿಯುತ್ತದೆ. ಹಾಗೆ ಸಿಡಿದ ಚೂರು ಹೊಕ್ಕು ಅವನ ಓರಗೆಯ ಆಟಗಾರನೊಬ್ಬ ಕಣ್ಣು ಕಳೆದುಕೊಂಡಿದ್ದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರೆ. ಇಲ್ಲಿ ಕೋಲು ಮುರಿಯಲೇಬೇಕಿತ್ತು.

ಮೈದುನನನ್ನು ಮಗನ ಹಾಗೆ ಸಾಕಿದವಳು ಒಲ್ಲೆ ಎಂದಳು. ಅದಕ್ಕೇ ಅಚ್ಚು, ಅದಕ್ಕೇ ತಿರುಪು. ಬೆರಳು ಹಿಡಿದುಕೊಂಡು ಕುಸಿದು ಕೂತವಳಿಗೆ, ಎಳೆಯುವುದು ಯಂತ್ರ ತಾನೇ, ನೀನು ಮುಂದೆ ಸುಮ್ಮನೆ ಕೂರುವವಳು ಎಂದು ಎಂದಿನ ಮಾತನ್ನೇ ಹೇಳಿ ಹೊರಟುಹೋದ.

ಮರುದಿನ ಸಂಜೆ ಬಂದು ನೋಡಿದರೆ ಯಂತ್ರದ ಪಕ್ಕ ಎರಡು ಖಾಲಿ ಲೋಟಗಳಿದ್ದವು. ಅವಳ ಬೆರಳುಗಳಿಗೆ ಆಟಗಾರರು ಕಾಲಿಗೆ ಸುತ್ತಿಕೊಳ್ಳುವಂಥ ಬಿಳಿ ಪಟ್ಟಿ, ಒಂದು ಸುಕ್ಕೂ ಇಲ್ಲದೆ ಕಟ್ಟಿತ್ತು. ಮೈದುನ ಬಂದು ತನ್ನ ರಾಕೆಟ್ ತೆಗೆದುಕೊಂಡು ಹೋದ ಎಂದಳು.

“ಬಿಗಿಯಾಗಿದೆಯಾ?”

“ಎಷ್ಟು ಬೇಕೋ ಅಷ್ಟು ಬಿಗಿಯಾಗಿದೆ.”

ಸುತ್ತಿಗೆ ಹೊಟ್ಟೆ ತುಂಬ ಊಟ ಮಾಡಿ ಮಲಗಿದ.

ಪಂದ್ಯದ ದಿನ ಕ್ಲಬ್ಬಿಗೆ ಕ್ಲಬ್ಬೇ ಅಂಗಳದ ಸುತ್ತ ನೆರೆದಿತ್ತು. ಅಂಪೈರ್ ನಾಣ್ಯ ಚಿಮ್ಮುವ ಮುಂಚೆ ನೆಟ್ಟಿನ ಬಳಿ ತಮ್ಮ ಬಂದ. ಎಲ್ಲರಿಗೂ ಕೇಳುವ ಹಾಗೆ ಮಾತಾಡಿದ.

“ಅಣ್ಣ, ಯಾರ ರಾಕೆಟ್ ಕೊಟ್ರೂ ಸರಿ ಅಂದಿದ್ದೆಯಲ್ಲ. ನಂದು ನೀನು ತಗೋ. ನಿಂದು ನಂಗೆ ಕೊಡು.”

ಜನ ಚಪ್ಪಾಳೆ ತಟ್ಟಿದರು. ಸುತ್ತಿಗೆಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬೇಡವೆಂದರೆ ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಗುತ್ತಾರೆ. ನಿಜ ಹೇಳಿದರೆ ಪೊಲೀಸರು ಬರುತ್ತಾರೆ. ಕೈ ಚಾಚಿ ತೆಗೆದುಕೊಂಡ.

ಮೊದಲ ಸರ್ವ್ ಮಾಡುವಾಗ ಮುಖವನ್ನು ಆಚೆ ತಿರುಗಿಸಿ, ಮಗುವಿನ ಕೆನ್ನೆ ತಟ್ಟಿದಂತೆ ಚೆಂಡನ್ನು ತಟ್ಟಿದ. ತಮ್ಮ ಅದನ್ನು ನೇರ ಅವನ ಪಕ್ಕೆಗೆ ಬಾರಿಸಿದ. ಸುತ್ತಿಗೆ ಮುಗ್ಗರಿಸಿದ. ಮುಂದಿನ ಹೊಡೆತ ಹೊಟ್ಟೆಗೆ ಬಿತ್ತು. ಆಮೇಲಿನದು ರಾಕೆಟ್ ಹಿಡಿದ ಬಲಗೈಯ ಬೆರಳುಗಳ ಗೆಣ್ಣಿಗೇ ಬಿದ್ದು ಚರ್ಮ ಸುಲಿದು ರಕ್ತ ಚಿಮ್ಮಿತು. ಎಲ್ಲವೂ ನಿಯಮದೊಳಗೇ ಇದ್ದವು, ಅಂಪೈರ್ ಪಾಯಿಂಟು ಎಣಿಸುತ್ತಲೇ ಹೋದ.

ಹಳೇ ಕಾಲದ ಪೆಟ್ಟು ಇಷ್ಟೇನಾ ಎಂದು ಯಾರೋ ಹಂಗಿಸಿದರು. ತಿರುಗಿ ಬಲವಾಗಿ ಬಾರಿಸಬೇಕೆಂದು ತೋಳು ತುಡಿಯಿತು. ಪ್ರತಿಸಲವೂ ಆ ಓರಗೆಯವನ ಕಣ್ಣಿನ ಗುಳಿ ನೆನಪಾಗಿ ತೋಳು ಕುಗ್ಗಿತು. ತುಟಿ ಒಡೆಯಿತು. ಅಂಗಿ ಕೆಂಪಾಯಿತು. ಒಂದು ಗೇಮ್ ಕೂಡ ದಕ್ಕದೆ ಸೆಟ್ ಮುಗಿಯಿತು. ಜನ ಚಿತ್ರ ಇಳಿಸಲು ಒಳಗೆ ನಡೆದರು.

ಸುತ್ತಿಗೆ ಅಂಗಳದಲ್ಲಿ ಒಬ್ಬನೇ ಉಳಿದ. ಇನ್ನು ಕಣ್ಣು ಹೋದರೇನು, ತಲೆ ಹೋದರೇನು. ಬಿದ್ದಿದ್ದ ಚೆಂಡೊಂದನ್ನು ಮೇಲೆಸೆದು, ಕಣ್ಣು ಮುಚ್ಚಿ, ಇದ್ದ ಬದ್ದ ಬಲವನ್ನೆಲ್ಲ ಹಾಕಿ ಹೊಡೆದ.

ಚೆಂಡು ಎದುರಿನ ಬೇಲಿಗೆ ಬಡಿದ ರಭಸಕ್ಕೆ ಕಂಬ ಅದುರಿತು. ಹಳೆಯ ಸುತ್ತಿಗೆಯ ಪೆಟ್ಟು, ಅದೇ ಸದ್ದು. ಅವನು ಮೆಲ್ಲನೆ ಕಣ್ಣು ತೆರೆದ. ರಾಕೆಟ್‌ನಲ್ಲಿ ಒಂದು ಬಿರುಕೂ ಇರಲಿಲ್ಲ.

ಹೆಂಡತಿ ತಂತಿಬೇಲಿಯ ಆಚೆ ನಿಂತಿದ್ದಳು, ಪಕ್ಕದಲ್ಲಿ ಅವಳ ಬಟ್ಟೆಬರೆಯ ಪೆಟ್ಟಿಗೆ ಹಿಡಿದ ತಮ್ಮ.

“ಇದ್ಯಾಕೆ ಮುರೀಲಿಲ್ಲ?” ಎಂದ ಸುತ್ತಿಗೆ.

“ತಂತಿ ಎಳೆಯೋಕೆ ಬೆರಳು ಬೇಕಲ್ರೀ,” ಎಂದಳು ಅವಳು. “ನನ್ನ ಕೈಲಿ ಆಗ್ಲಿಲ್ಲ, ನಿಮ್ಮ ತಮ್ಮನೇ ಕೂತು ಕಟ್ಕೊಂಡ.”